ತಲೆಯ ಮೇಲಿನ ಗಂಟು: ಯಾವುದು ಸಾಧು, ಯಾವುದು ಕ್ಯಾನ್ಸರ್?

ಪ್ರಶ್ನೆ: ನನಗೆ 44 ವರ್ಷ. ತಲೆಯ ಹಿಂಭಾಗದಲ್ಲಿ ಮೂರು ಗಂಟುಗಳಿವೆ. ಎರಡು ಬಟಾಣಿಯಷ್ಟು, ಒಂದು ಗೋಲಿಯಷ್ಟು. ಕನಿಷ್ಠ ಹತ್ತು ವರ್ಷದಿಂದ ಇವೆ. ನನ್ನ ಅಮ್ಮನಿಗೂ ಇಂಥವೇ ಇದ್ದವು. ಕಳೆದ ತಿಂಗಳು ದೊಡ್ಡ ಗಂಟು ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಂಡು ವಿಪರೀತ ನೋವು ಕೊಟ್ಟಿತು. ಈಗ ಸ್ವಲ್ಪ ಇಳಿದಿದೆ. ಇದು ಕ್ಯಾನ್ಸರಿಗೆ ತಿರುಗುತ್ತಿದೆಯೇ ಎಂಬ ಭಯದಲ್ಲಿ ನಿದ್ದೆ ಬರುತ್ತಿಲ್ಲ. ಸಾಧು ಗೆಡ್ಡೆಯನ್ನೂ ಕ್ಯಾನ್ಸರ್ ಗೆಡ್ಡೆಯನ್ನೂ ಗುರುತಿಸುವುದು ಹೇಗೆ? ಬಯಾಪ್ಸಿಗೆ, ಅಂದರೆ ತುಣುಕು ತೆಗೆದು ಪರೀಕ್ಷಿಸಲು, ಕತ್ತರಿ ತಾಗಿಸಿದರೆ ಹರಡುತ್ತದೆ ಎನ್ನುತ್ತಾರೆ, ನಿಜವೇ? ಅಂದಹಾಗೆ, ನಮ್ಮ ತಂದೆಗೆ (76 ವರ್ಷ) ಬೋಳು ನೆತ್ತಿಯ ಮೇಲೆ ಐದು ತಿಂಗಳಿಂದ ಒಂದು ಸಣ್ಣ ಗಾಯ ಇದೆ. ಒಣಗುತ್ತದೆ, ಹಕ್ಕಳೆ ಉದುರಿದ ಮೇಲೆ ಮತ್ತೆ ರಕ್ತ ಜಿನುಗುತ್ತದೆ. ನೋವೇನೂ ಇಲ್ಲ. ಅದಕ್ಕೆ ಯಾವ ಮುಲಾಮು ಹಚ್ಚಬಹುದು?

ಉತ್ತರ: ನಿಮ್ಮ ಪತ್ರದ ಬಹುಪಾಲು ನಿಮ್ಮ ಗಂಟುಗಳ ಬಗ್ಗೆ ಇದೆ. ತಂದೆಯವರ ಗಾಯ ಕೊನೆಯಲ್ಲಿ, ‘ಅಂದಹಾಗೆ’ ಎಂಬ ಮಾತಿನ ಬೆನ್ನಿಗೆ ಬಂದಿದೆ. ಓದುತ್ತಾ ನಾನು ತಡೆದು ನಿಂತದ್ದು ಅಲ್ಲಿಯೇ. ನಿಮ್ಮ ಮೂರು ಗಂಟುಗಳು ಇನ್ನೂ ಒಂದು ತಿಂಗಳು ಕಾಯಬಲ್ಲವು. ತಂದೆಯವರ ಆ ಗಾಯವನ್ನು ಮಾತ್ರ ಒಂದೆರಡು ವಾರದೊಳಗೆ ಚರ್ಮವೈದ್ಯರು ನೋಡಲೇಬೇಕು. ಯಾಕೆ ಹೀಗೆ ಎಂದು ಬಿಡಿಸಿ ಹೇಳುತ್ತಾ ಹೋದರೆ ನಿಮ್ಮ ಮುಖ್ಯ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ಗೆಡ್ಡೆ ಎಂದೊಡನೆ ಎಲ್ಲರ ಗಮನ ಮೊದಲು ಹೋಗುವುದು ಗಾತ್ರದ ಕಡೆ, ಆಮೇಲೆ ನೋವಿನ ಕಡೆ. ದೊಡ್ಡದಾಗಿದ್ದರೆ ಭಯ, ನೋವಿದ್ದರೆ ಇನ್ನೂ ಭಯ. ವೈದ್ಯರು ಈ ಎರಡಕ್ಕೂ ಕೊಡುವ ಬೆಲೆ ಕಡಿಮೆ. ಗಂಟು ಎಷ್ಟು ಕಾಲದಲ್ಲಿ ಈ ಮಟ್ಟಕ್ಕೆ ಬೆಳೆಯಿತು, ಅದರ ಮೇಲಿನ ಚರ್ಮ ಹೇಗಿದೆ, ಬೆರಳಿನಲ್ಲಿ ಸರಿಸಿದರೆ ಜಾರುತ್ತದೆಯೋ ಇಲ್ಲವೋ, ಈ ಮೂರನ್ನು ಮೊದಲು ನೋಡುತ್ತಾರೆ. ದ್ರಾಕ್ಷಿಯಷ್ಟು ದಪ್ಪ ಗಂಟು ಇಪ್ಪತ್ತು ವರ್ಷ ಸುಮ್ಮನೆ ಕುಳಿತಿರಬಹುದು. ಉಗುರಿನಷ್ಟೂ ಇಲ್ಲದ ಹುಣ್ಣು ಕೆಲವೇ ತಿಂಗಳಲ್ಲಿ ಮೂಳೆಯ ಕಡೆಗೆ ಇಳಿಯುತ್ತಿರಬಹುದು.

ತಲೆಯಲ್ಲೇ ಇಷ್ಟು ಬಗೆಯ ಗಂಟುಗಳು ಏಕೆ ಬರುತ್ತವೆ ಎಂಬುದಕ್ಕೆ ಕಾರಣ ಅಲ್ಲಿನ ಚರ್ಮದ ರಚನೆ. ಸುಮಾರು ಒಂದು ಲಕ್ಷ ಕೂದಲಿನ ಬುಡಗಳು, ಪ್ರತಿಯೊಂದರ ಪಕ್ಕಕ್ಕೆ ಎಣ್ಣೆ ಸ್ರವಿಸುವ ಗ್ರಂಥಿಗಳು, ನಡುನಡುವೆ ಬೆವರಿನ ಗ್ರಂಥಿಗಳು. ಇವುಗಳಲ್ಲಿ ಯಾವುದರಿಂದ ಬೇಕಾದರೂ ಗೆಡ್ಡೆ ಹುಟ್ಟಬಹುದು. ಚರ್ಮದ ಕೆಳಗೆ ರಕ್ತನಾಳಗಳಿಂದ ತುಂಬಿದ ಕೊಬ್ಬಿನ ಪದರ, ಅದರಡಿ ಗೇಲಿಯಾ ಎಂಬ ಗಟ್ಟಿಯಾದ ಪೊರೆ, ಆಮೇಲೆ ಸಡಿಲವಾದ ಅಂಗಾಂಶ, ಕೊನೆಗೆ ಬುರುಡೆಗೆ ಅಂಟಿಕೊಂಡ ತೆಳುವಾದ ಹೊದಿಕೆ. ಮೇಲಿನ ಮೂರು ಪದರಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಸರಿದರೆ ಒಟ್ಟಿಗೇ ಸರಿಯುತ್ತವೆ. ಅಂಗೈಯನ್ನು ನೆತ್ತಿಯ ಮೇಲಿಟ್ಟು ಹಿಂದೆ ಮುಂದೆ ಆಡಿಸಿ, ಚರ್ಮ ಬುರುಡೆಯ ಮೇಲೆ ಜಾರುವುದು ತಿಳಿಯುತ್ತದೆ. ಗಂಟು ಆ ಚರ್ಮದ ಜೊತೆಗೇ ಜಾರಿದರೆ ಅದು ಮೇಲಿನ ಪದರಗಳಲ್ಲಿದೆ ಎಂದರ್ಥ. ಚರ್ಮ ಸರಿದರೂ ಗಂಟು ನಿಂತಲ್ಲೇ ನಿಂತರೆ ಅದು ಕೆಳಗಿನದ್ದು, ಬಹುಶಃ ಮೂಳೆಯದ್ದು. ಸುಲಭವಾದ ಪರೀಕ್ಷೆ. ಹೇಳುವ ಸಂಗತಿ ಮಾತ್ರ ದೊಡ್ಡದು.

ಈಗ ನಿಮ್ಮ ಗಂಟುಗಳ ಮಾತು. ಹತ್ತು ವರ್ಷ ಹಳೆಯವು, ಒಂದಕ್ಕಿಂತ ಹೆಚ್ಚಿವೆ, ತಾಯಿಗೂ ಇದ್ದವು. ಇಷ್ಟು ಕೇಳಿದ ಮೇಲೆ ಮನಸ್ಸಿಗೆ ಮೊದಲು ಬರುವುದು ಪೈಲಾರ್ ಸಿಸ್ಟ್. ಕೂದಲಿನ ಬುಡದ ಹೊರಕವಚದಿಂದ ಹುಟ್ಟುವ ಚೀಲ ಇದು. ಒಳಗೆ ತುಂಬಿರುವುದು ಕೆರಾಟಿನ್, ಅಂದರೆ ಕೂದಲು, ಉಗುರುಗಳು ಆಗಿರುವ ಅದೇ ಪ್ರೋಟೀನು. ಹಿಂದೆ ಇದನ್ನು ಎಣ್ಣೆ ಗ್ರಂಥಿಯ ಗಂಟು ಎಂದುಕೊಂಡು ಸೆಬೇಶಿಯಸ್ ಸಿಸ್ಟ್ ಎನ್ನುತ್ತಿದ್ದರು, ಈಗಲೂ ಎಷ್ಟೋ ಚೀಟಿಗಳಲ್ಲಿ ಆ ಹೆಸರೇ ಇರುತ್ತದೆ. ಒಳಗೆ ಎಣ್ಣೆಯಿಲ್ಲ, ಆದರೂ ಹೆಸರು ಹೋಗಿಲ್ಲ. ಇಂಥ ಸಿಸ್ಟುಗಳಲ್ಲಿ ಹತ್ತಕ್ಕೆ ಒಂಬತ್ತು ಕಾಣಿಸುವುದು ತಲೆಯಲ್ಲೇ. ವಂಶದಲ್ಲಿ ಹರಿದು ಬರುವುದುಂಟು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು, ಹಲವು ಗಂಟುಗಳು ಒಟ್ಟಿಗೆ ಬರುವುದೂ ಸಾಮಾನ್ಯ. ಮುಟ್ಟಿದರೆ ನುಣುಪಾಗಿ, ಗುಂಡಗೆ, ಗಟ್ಟಿ ರಬ್ಬರಿನಂತೆ ಇರುತ್ತವೆ. ಮೇಲೆ ಚರ್ಮ ಮಾಮೂಲಾಗಿರುತ್ತದೆ, ದೊಡ್ಡದಾದರೆ ಅಲ್ಲಿ ಕೂದಲು ತೆಳುವಾಗಬಹುದು.

ಹಾಗಾದರೆ ಕಳೆದ ತಿಂಗಳು ಕೆಂಪಾಗಿ ನೋವು ಬಂದದ್ದೇಕೆ? ಸಿಸ್ಟಿನ ಗೋಡೆ ಒಂದು ಕಡೆ ಬಿರಿದಿರಬೇಕು. ಚೀಲದೊಳಗೆ ಇರುವವರೆಗೆ ಕೆರಾಟಿನ್ ಯಾರಿಗೂ ತೊಂದರೆ ಕೊಡುವುದಿಲ್ಲ. ಅದು ಸುತ್ತಲಿನ ಅಂಗಾಂಶಕ್ಕೆ ಸೋರಿತೋ, ದೇಹ ಅದನ್ನು ಮುಳ್ಳು ಚುಚ್ಚಿದಂತೆ ಪರಕೀಯ ವಸ್ತು ಎಂದೇ ತಿಳಿಯುತ್ತದೆ. ಊತ, ಕೆಂಪು, ಬಿಸಿ, ನೋವು ಎಲ್ಲ ಅದರ ಫಲ. ಎಷ್ಟೋ ಸಲ ಇದರಲ್ಲಿ ಸೋಂಕೇ ಇರುವುದಿಲ್ಲ, ಆದರೂ ಆಂಟಿಬಯಾಟಿಕ್ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ನಿಮ್ಮ ಭಯಕ್ಕೆ ಕಾರಣವಾದ ಘಟನೆಯೇ ನನಗೆ ಒಂದು ಬಗೆಯ ಸಮಾಧಾನ ಕೊಟ್ಟಿತು. ಇದ್ದಕ್ಕಿದ್ದಂತೆ ಊದಿ, ನೋವು ಕೊಟ್ಟು, ಕೆಲವು ವಾರದಲ್ಲಿ ತಾನಾಗಿ ಇಳಿಯುವುದು ಬಿರಿದ ಸಿಸ್ಟಿನ ಚಾಳಿ. ಕ್ಯಾನ್ಸರ್ ಸಾಮಾನ್ಯವಾಗಿ ಇಳಿಮುಖವಾಗುವುದಿಲ್ಲ.

ಹೀಗೆಂದು ಮರೆತುಬಿಡಿ ಎಂದು ನಾನು ಹೇಳುತ್ತಿಲ್ಲ. ಊತ ಪೂರ್ತಿ ಇಳಿದ ಮೇಲೆ ದೊಡ್ಡ ಗಂಟನ್ನು ತೆಗೆಸಿಕೊಳ್ಳುವುದು ಒಳ್ಳೆಯದು. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಅದು. ಬಿರಿಯದ ಪೈಲಾರ್ ಸಿಸ್ಟ್ ಸಿಪ್ಪೆ ಸುಲಿದ ಕಾಳಿನಂತೆ ಇಡಿಯಾಗಿ ಹೊರಬರುತ್ತದೆ, ಅದನ್ನು ಹಾಗೆ ತೆಗೆಯುವುದರಲ್ಲಿ ಶಸ್ತ್ರಚಿಕಿತ್ಸಕರಿಗೂ ಒಂದು ತೃಪ್ತಿಯಿದೆ. ಒಮ್ಮೆ ಬಿರಿದದ್ದು ಸುತ್ತಲೂ ಅಂಟಿಕೊಂಡಿರುವುದರಿಂದ ಸ್ವಲ್ಪ ಕಷ್ಟ. ಊದಿಕೊಂಡಿರುವಾಗಲೇ ಕುಯ್ದರೆ ಗೋಡೆಯ ಚೂರು ಒಳಗೇ ಉಳಿದು ಮತ್ತೆ ಬೆಳೆಯುತ್ತದೆ, ಹಾಗಾಗಿಯೇ ಕಾಯುವುದು. ನೀವಾಗಿ ಹಿಸುಕಬೇಡಿ. ಸೂಜಿಯಿಂದ ಚುಚ್ಚಿ ಖಾಲಿ ಮಾಡಲೂ ಹೋಗಬೇಡಿ. ಖಾಲಿಯಾದ ಚೀಲ ಮತ್ತೆ ತುಂಬಿಕೊಳ್ಳುತ್ತದೆ.

ಒಂದು ಅಪವಾದ ಹೇಳಬೇಕು. ಅಪರೂಪಕ್ಕೆ ಪೈಲಾರ್ ಸಿಸ್ಟಿನ ಗೋಡೆ ಒಳಮುಖವಾಗಿ ಅಂಕೆ ಮೀರಿ ಬೆಳೆದು ದೊಡ್ಡ ಗೆಡ್ಡೆಯಾಗುತ್ತದೆ. ಹೆಚ್ಚಾಗಿ ವಯಸ್ಸಾದ ಹೆಂಗಸರ ತಲೆಯಲ್ಲಿ ಕಾಣುತ್ತದೆ. ಬಹುಪಾಲು ಸಾಧುವೇ, ಕೆಲವು ಮಾತ್ರ ಕೆಡುತ್ತವೆ. ವರ್ಷಗಟ್ಟಲೆ ಒಂದೇ ಗಾತ್ರದಲ್ಲಿದ್ದ ಗಂಟು ಕೆಲವು ತಿಂಗಳಲ್ಲಿ ಎರಡರಷ್ಟಾದರೆ, ಇಳಿಯದೆ ಬೆಳೆಯುತ್ತಲೇ ಹೋದರೆ ಹತ್ತು ವರ್ಷದ ಹಳೆಯ ಗಂಟಾದರೂ ಅದಕ್ಕೆ ಹಳೆಯದೆಂಬ ರಿಯಾಯಿತಿ ಕೊಡಬಾರದು.

ತಲೆಯಲ್ಲಿ ಕಾಣುವ ಉಳಿದ ಸಾಧು ಗಂಟುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಬ್ಬಿನ ಗಂಟು, ಅಂದರೆ ಲೈಪೋಮಾ, ಮೆತ್ತಗಿರುತ್ತದೆ. ಹಣೆಯಲ್ಲಿ ಬಂದದ್ದು ಸ್ನಾಯುವಿನ ಕೆಳಗಿರುವುದರಿಂದ ಅಲುಗಾಡದೆ ಮೂಳೆಯದ್ದೇನೋ ಎಂದು ಮೋಸ ಮಾಡುತ್ತದೆ. ಮೂಳೆಯಿಂದಲೇ ಎದ್ದ ಆಸ್ಟಿಯೋಮಾ ಕಲ್ಲಿನಷ್ಟು ಗಟ್ಟಿ, ನೋವಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ನಡುವಯಸ್ಸು ದಾಟಿದವರಲ್ಲಿ ಸೆಬೊರಿಕ್ ಕೆರಟೋಸಿಸ್ ಎಂಬ ಕಂದು ಅಥವಾ ಕಪ್ಪು ಬಣ್ಣದ ಒರಟು ಉಬ್ಬುಗಳು ಬರುತ್ತವೆ. ಚರ್ಮದ ಒಳಗಿಂದ ಬಂದದ್ದಕ್ಕಿಂತ ಯಾರೋ ಮೇಣದ ಹನಿಯನ್ನು ಮೇಲೆ ಅಂಟಿಸಿ ಹೋದಂತೆ ಕಾಣುತ್ತವೆ. ಮೆದುವಾಗಿ ಉಬ್ಬಿದ ಹಳೆಯ ಮಚ್ಚೆಗಳೂ ಇರುತ್ತವೆ, ಅವುಗಳ ಮೇಲೆ ಕೂದಲು ಬೆಳೆದಿರುವುದುಂಟು. ಬಾಚಣಿಗೆಯ ಹಲ್ಲು ತಾಗಿ ಇಂಥವುಗಳಿಂದ ರಕ್ತ ಬಂದರೆ ಜನ ಗಾಬರಿಯಾಗುತ್ತಾರೆ. ಕಾರಣ ಕಣ್ಣೆದುರಿಗಿದ್ದು, ಒಂದೆರಡು ವಾರದಲ್ಲಿ ಗಾಯ ಮಾಯ್ದರೆ ಚಿಂತೆಯಿಲ್ಲ.

ಕ್ಯಾನ್ಸರುಗಳ ಲೋಕ ಇದಕ್ಕಿಂತ ಜಟಿಲ. ತಲೆಯ ಚರ್ಮದಲ್ಲಿ ಹೆಚ್ಚಾಗಿ ಕಾಣುವವು ಎರಡು: ಬೇಸಲ್ ಸೆಲ್ ಕಾರ್ಸಿನೋಮಾ ಮತ್ತು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ. ಬೇಸಲ್ ಸೆಲ್ ನಿಧಾನಿ. ಮುತ್ತಿನಂತೆ ಮಿರುಗುವ ಸಣ್ಣ ಉಬ್ಬು, ಅದರ ಮೇಲೆ ಸಣ್ಣ ಕೆಂಪು ಗೆರೆಗಳಂತೆ ರಕ್ತನಾಳಗಳು, ಕಾಲ ಕಳೆದಂತೆ ನಡುವೆ ತಗ್ಗು, ಅಂಚು ಸುತ್ತಿಟ್ಟ ಹಗ್ಗದಂತೆ ಎತ್ತರ. ಮೈಬಣ್ಣ ಕಪ್ಪಿರುವವರಲ್ಲಿ ಇದು ಕಪ್ಪಾಗಿಯೇ ಇರುವುದು ಹೆಚ್ಚು, ಹೀಗಾಗಿ ಮಚ್ಚೆಯೆಂದುಕೊಂಡು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಬೇರೆ ಅಂಗಗಳಿಗೆ ಹರಡುವುದು ಬಹಳ ಅಪರೂಪ. ಆದರೆ ಇದ್ದ ಜಾಗದಲ್ಲೇ ಇಲಿ ಕೊರೆದಂತೆ ಕೊರೆಯುತ್ತದೆ, ಬಿಟ್ಟರೆ ಬುರುಡೆಯನ್ನೂ ಬಿಡುವುದಿಲ್ಲ.

ಸ್ಕ್ವೇಮಸ್ ಸೆಲ್‌ಗೆ ಅಷ್ಟು ತಾಳ್ಮೆಯಿಲ್ಲ. ಕೂದಲು ಉದುರಿದ ನೆತ್ತಿ ದಶಕಗಳ ಬಿಸಿಲಿಗೆ ನೇರವಾಗಿ ಸಿಗುತ್ತದೆ. ಮೊದಲು ಉಪ್ಪುಕಾಗದದಂತೆ ಒರಟಾದ, ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ತಿಳಿಯುವ ಸಣ್ಣ ಪದರುಗಳು ಬರುತ್ತವೆ. ಇವು ಆಕ್ಟಿನಿಕ್ ಕೆರಟೋಸಿಸ್, ಇನ್ನೂ ಕ್ಯಾನ್ಸರ್ ಆಗಿಲ್ಲ. ಇವುಗಳಲ್ಲಿ ಕೆಲವು ಮುಂದೆ ದಪ್ಪಗಾಗಿ, ಬುಡ ಗಟ್ಟಿಯಾಗಿ, ಹುಣ್ಣಾಗಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಆಗುತ್ತವೆ. ಹುಣ್ಣಿನ ಬುಡವನ್ನು ಎರಡು ಬೆರಳುಗಳ ನಡುವೆ ಹಿಡಿದರೆ ಗಾಯದ ಅಗಲಕ್ಕಿಂತ ಗಟ್ಟಿತನದ ಅಗಲ ಹೆಚ್ಚಿರುವುದು ಇದರ ಗುರುತು. ಮುಂದುವರಿದರೆ ಕಿವಿಯ ಮುಂದಿನ, ಹಿಂದಿನ ಮತ್ತು ಕತ್ತಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಇಳಿಯುತ್ತದೆ. ಹಳೆಯ ಸುಟ್ಟ ಗಾಯದ ಕಲೆಯಲ್ಲಿ ಹುಟ್ಟುವ ಕ್ಯಾನ್ಸರೂ ಬಹುಮಟ್ಟಿಗೆ ಇದೇ. ಫ್ರಾನ್ಸಿನ ಶಸ್ತ್ರಚಿಕಿತ್ಸಕ ಮಾರ್ಜೊಲಿನ್ ಹೆಸರಿನಲ್ಲಿ ಅದನ್ನು ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಸುಟ್ಟದ್ದು ಬಾಲ್ಯದಲ್ಲಿ, ಹುಣ್ಣು ಬಂದದ್ದು ಮೂವತ್ತು ವರ್ಷ ಕಳೆದ ಮೇಲೆ ಎಂಬುದು ಇಲ್ಲಿ ಮಾಮೂಲು ಕಥೆ.

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್ ಆದ ಮೆಲನೋಮಾ ಈ ಎರಡಕ್ಕಿಂತ ಕಡಿಮೆ ಕಾಣುತ್ತದೆ, ಅಪಾಯ ಹೆಚ್ಚು. ಎರಡು ಅರ್ಧಗಳು ಹೊಂದದ ಆಕಾರ, ಹರಿದಂತಹ ಅಂಚು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ, 6 ಮಿಲಿಮೀಟರಿಗಿಂತ ಹೆಚ್ಚಿನ ಅಗಲ, ಎಲ್ಲಕ್ಕಿಂತ ಮುಖ್ಯವಾಗಿ ಕಾಲಕಾಲಕ್ಕೆ ಬದಲಾಗುವ ಗುಣ. ತಲೆಯಲ್ಲಿ ಬಂದ ಮೆಲನೋಮಾ ಕೈಕಾಲಿನಲ್ಲಿ ಬಂದದ್ದಕ್ಕಿಂತ ಕೆಟ್ಟ ಫಲ ಕೊಡುತ್ತದೆ ಎಂಬುದು ಗೊತ್ತಿರುವ ವಿಷಯ. ಕೂದಲಿನ ಮರೆಯಲ್ಲಿ ತಡವಾಗಿ ಸಿಕ್ಕುವುದು ಅದಕ್ಕೆ ಒಂದು ಕಾರಣ. ನಮ್ಮ ನೆತ್ತಿಯನ್ನು ನಾವೇ ನೋಡಿಕೊಳ್ಳಲಾರೆವಲ್ಲ. ಎಷ್ಟೋ ಮಂದಿಯಲ್ಲಿ ಮೊದಲು ಕಂಡುಹಿಡಿದವರು ಕೂದಲು ಕತ್ತರಿಸುವವರು. ‘ಇಲ್ಲೇನೋ ಇದೆ, ಹೋದ ಸಲ ಇರಲಿಲ್ಲ’ ಎಂದು ಅವರು ಹೇಳಿದರೆ ಆ ಮಾತನ್ನು ತಳ್ಳಿಹಾಕಬೇಡಿ. ಹೋದ ಸಲದ್ದನ್ನು ನೆನಪಿಟ್ಟುಕೊಂಡಿರುವವರು ಅವರೊಬ್ಬರೇ.

ಇನ್ನೊಂದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅದು ಗೆಡ್ಡೆಯಂತೆ ಕಾಣುವುದೇ ಇಲ್ಲ. ವಯಸ್ಸಾದವರ ನೆತ್ತಿಯ ಮೇಲೋ ಹಣೆಯ ಮೇಲೋ ಪೆಟ್ಟು ಬಿದ್ದಂತೆ ಒಂದು ಕೆನ್ನೀಲಿ ಕಲೆ ಏಳುತ್ತದೆ. ಎಲ್ಲೋ ತಗುಲಿರಬೇಕು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಪೆಟ್ಟಿನ ಕಲೆಯಾದರೆ ನೀಲಿಯಿಂದ ಹಸಿರು, ಹಸಿರಿನಿಂದ ಹಳದಿಗೆ ತಿರುಗಿ ಎರಡು ಮೂರು ವಾರದಲ್ಲಿ ಮಾಸಬೇಕು. ಇದು ಮಾಸುವುದಿಲ್ಲ. ಅಂಚು ಎಲ್ಲಿ ಮುಗಿಯಿತೆಂದು ತಿಳಿಯದಂತೆ ಹರಡುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ರಕ್ತನಾಳಗಳ ಒಳಪದರದಿಂದ ಹುಟ್ಟುವ ಆಂಜಿಯೋಸಾರ್ಕೋಮಾ ಹೀಗೆ ಬರುತ್ತದೆ. ಅಪರೂಪದ ರೋಗ, ಆದರೆ ಅತ್ಯಂತ ಉಗ್ರ. ವೈದ್ಯರೇ ಇದನ್ನು ಸೋಂಕು, ಅಲರ್ಜಿ ಎಂದುಕೊಂಡು ತಿಂಗಳುಗಟ್ಟಲೆ ಔಷಧ ಕೊಟ್ಟ ಉದಾಹರಣೆಗಳಿವೆ. ನನ್ನನ್ನು ಕೇಳಿದರೆ, ವೃದ್ಧರ ತಲೆಯ ಮೇಲೆ ಒಂದು ತಿಂಗಳಾದರೂ ಮಾಸದ ‘ಪೆಟ್ಟಿನ ಕಲೆ’ಗೆ ಬೇರೆ ಯಾವ ಪರೀಕ್ಷೆಗಿಂತ ಮೊದಲು ಬಯಾಪ್ಸಿ ಆಗಬೇಕು.

ಒಳಗಿನ ಅಂಗದ ಕ್ಯಾನ್ಸರ್ ತಲೆಯ ಚರ್ಮಕ್ಕೆ ಬಂದು ಗಂಟಾಗಿ ಕಾಣಿಸಿಕೊಳ್ಳುವುದೂ ಉಂಟು. ಶ್ವಾಸಕೋಶ, ಸ್ತನ, ಮೂತ್ರಪಿಂಡದ ಕ್ಯಾನ್ಸರುಗಳಿಗೆ ನೆತ್ತಿ ಪರಿಚಿತ ಜಾಗ, ಅಲ್ಲಿನ ಧಾರಾಳ ರಕ್ತಸಂಚಾರವೇ ಅದಕ್ಕೆ ಕಾರಣ ಎನ್ನುತ್ತಾರೆ. ಕೆಲವು ವಾರಗಳಲ್ಲಿ ಎದ್ದ, ಗಟ್ಟಿಯಾದ, ನೋವಿಲ್ಲದ ಗಂಟು, ಮೇಲೆ ಕೂದಲಿಲ್ಲ. ಅದರ ಜೊತೆಗೆ ತೂಕ ಇಳಿಯುತ್ತಿದ್ದರೆ, ಹಿಂದೆಂದೋ ಕ್ಯಾನ್ಸರಿಗೆ ಚಿಕಿತ್ಸೆ ಆಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಗಂಟಿಗೂ ಅದಕ್ಕೂ ಏನು ಸಂಬಂಧ ಎಂದು ಬಹಳ ಜನ ಹೇಳುವುದೇ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ‘ಬೇಗ ಬೆಳೆದರೆ ಕೆಟ್ಟದ್ದು, ನಿಧಾನವಾದರೆ ಒಳ್ಳೆಯದು’ ಎಂದು ಒಂದು ಸೂತ್ರ ಮಾಡಿಕೊಳ್ಳಬಹುದು ಅನ್ನಿಸಬಹುದು. ಅರ್ಧ ನಿಜ. ಪಯೋಜೆನಿಕ್ ಗ್ರಾನ್ಯುಲೋಮಾ ಎಂಬ ಕೆಂಪು ಮಾಂಸದ ಗುಳ್ಳೆ ಎರಡು ಮೂರು ವಾರದಲ್ಲಿ ಎದ್ದು, ಮುಟ್ಟಿದರೆ ರಕ್ತ ಕಾರುತ್ತದೆ. ನೋಡಲು ಭಯಂಕರ, ಸ್ವಭಾವ ಸಾಧು. ಡರ್ಮಟೋಫೈಬ್ರೋಸಾರ್ಕೋಮಾ ಎಂಬುದು ಇದಕ್ಕೆ ತದ್ವಿರುದ್ಧ. ಗಟ್ಟಿಯಾದ ತಟ್ಟೆಯಂತೆ ಹತ್ತು ವರ್ಷ ಏನೂ ಅರಿಯದ ಹಾಗೆ ಇದ್ದು, ಒಳಗೊಳಗೇ ಬೇರು ಬಿಟ್ಟಿರುತ್ತದೆ, ತೆಗೆದರೂ ಪೂರ್ತಿ ತೆಗೆಯದಿದ್ದರೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ವೈದ್ಯರನ್ನೇ ದಾರಿ ತಪ್ಪಿಸುವುದಕ್ಕೆ ಹೆಸರಾದ ಇನ್ನೊಂದಿದೆ, ಕಾಕ್ ಅವರ ವಿಚಿತ್ರ ಗೆಡ್ಡೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಶಸ್ತ್ರಚಿಕಿತ್ಸಕ ಎಡ್ವರ್ಡ್ ಕಾಕ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ನಿಮ್ಮದರಂಥದ್ದೇ ಸಾದಾ ಸಿಸ್ಟ್ ಒಡೆದು, ಹುಣ್ಣಾಗಿ, ದುರ್ಮಾಂಸ ಬೆಳೆದು, ದುರ್ವಾಸನೆ ಬಂದು ಕ್ಯಾನ್ಸರಿನ ಹುಣ್ಣಿನಂತೆಯೇ ಕಾಣುತ್ತದೆ. ಅಂಥದ್ದನ್ನು ಕಣ್ಣಿನಿಂದ ನೋಡಿ ತೀರ್ಪು ಕೊಡುವ ಧೈರ್ಯ ಅನುಭವಿಗಳಿಗೂ ಇಲ್ಲ.

ಮಕ್ಕಳ ತಲೆಯ ಗಂಟಿನ ಲೆಕ್ಕಾಚಾರವೇ ಬೇರೆ. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಸಿಗುವ ಸಣ್ಣ ಗುಂಡುಗಳು ಹೆಚ್ಚಾಗಿ ಹೇನು, ಗಾಯ, ಸೋಂಕಿನಿಂದ ಊದಿದ ದುಗ್ಧಗ್ರಂಥಿಗಳು. ತಲೆಯ ಶಿಲೀಂಧ್ರ ಸೋಂಕು ಕೆಲವೊಮ್ಮೆ ಕೀವು ತುಂಬಿದ ಮೆತ್ತನೆಯ ಊತವಾಗಿ ಬರುತ್ತದೆ, ಅದನ್ನು ಕುರು ಎಂದು ಕುಯ್ಯಬಾರದು, ಗುಳಿಗೆಯಿಂದ ವಾಸಿಯಾಗುತ್ತದೆ. ಎಳೆ ಮಗುವಿನ ಕೆಂಪು ರಕ್ತನಾಳದ ಗೆಡ್ಡೆ ಮೊದಲ ಕೆಲವು ತಿಂಗಳು ವೇಗವಾಗಿ ಬೆಳೆದು ಆಮೇಲೆ ವರ್ಷಗಳಲ್ಲಿ ತಾನಾಗಿ ಕುಗ್ಗುತ್ತದೆ. ಹುಟ್ಟಿನಿಂದ ಇರುವ, ಕೂದಲು ಬೆಳೆಯದ ಹಳದಿ ಮಿಶ್ರಿತ ಪಟ್ಟೆ ನೀವಸ್ ಸೆಬೇಶಿಯಸ್ ಆಗಿರಬಹುದು. ಪ್ರಾಯಕ್ಕೆ ಬರುವಾಗ ಅದು ದಪ್ಪಗಾಗುತ್ತದೆ. ಅದರಲ್ಲಿ ಕ್ಯಾನ್ಸರ್ ಬಹಳ ಬರುತ್ತದೆ ಎಂದು ಹಿಂದೆ ನಂಬಿ ಎಲ್ಲರಿಗೂ ಕತ್ತರಿಸುತ್ತಿದ್ದರು. ಅಂಥ ಗೆಡ್ಡೆಗಳಲ್ಲಿ ಹೆಚ್ಚಿನವು ಸಾಧುವೇ ಎಂದು ತಿಳಿದ ಮೇಲೆ ಈಗ ಆತುರವಿಲ್ಲ. ಆದರೆ ಮಗುವಿನ ತಲೆಯ ನಡುಗೆರೆಯಲ್ಲಿ ಹುಟ್ಟಿನಿಂದ ಇರುವ ಗಂಟನ್ನು ಸ್ಕ್ಯಾನ್ ಆಗದೆ ಯಾರೂ ಚುಚ್ಚಬಾರದು, ಕುಯ್ಯಬಾರದು. ಅದು ಬುರುಡೆಯ ಮೂಲಕ ಒಳಗಿನ ಮಿದುಳಿನವರೆಗೆ ಸಂಪರ್ಕ ಹೊಂದಿರಬಹುದು. ದೊಡ್ಡವರಲ್ಲೂ ನಾಡಿಯಂತೆ ಮಿಡಿಯುವ ಗಂಟಿಗೆ ಇದೇ ನಿಯಮ.

ಯಾರು ಹೆಚ್ಚು ಎಚ್ಚರದಿಂದಿರಬೇಕು? ಬೋಳು ತಲೆಯವರು, ಬಿಸಿಲಲ್ಲಿ ದುಡಿದವರು, ತೊನ್ನಿನಂತಲ್ಲದೆ ಹುಟ್ಟಿನಿಂದಲೇ ಮೈಯೆಲ್ಲ ಬಿಳುಪಾಗಿರುವ ಆಲ್ಬಿನಿಸಂ ಇರುವವರು, ಮೂತ್ರಪಿಂಡ ಮುಂತಾದ ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು, ತಲೆಗೆ ವಿಕಿರಣ ಚಿಕಿತ್ಸೆ ಪಡೆದವರು. ಈ ಕೊನೆಯದಕ್ಕೆ ಒಂದು ಇತಿಹಾಸವಿದೆ. ತಲೆಯ ಹುಳುಕಡ್ಡಿಗೆ ನುಂಗುವ ಔಷಧ 1950ರ ದಶಕದ ಕೊನೆಯಲ್ಲಿ ಬರುವ ತನಕ ಎಷ್ಟೋ ದೇಶಗಳಲ್ಲಿ ಮಕ್ಕಳ ತಲೆಗೆ ಎಕ್ಸ್‌ರೇ ಹಾಯಿಸಿ ಕೂದಲು ಉದುರಿಸುತ್ತಿದ್ದರು. ಹುಳುಕಡ್ಡಿ ಹೋಯಿತು. ದಶಕಗಳ ನಂತರ ಅದೇ ಮಕ್ಕಳ ನೆತ್ತಿಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ ಕಾಣಿಸಿಕೊಂಡಿತು.

ಇನ್ನು ಬಯಾಪ್ಸಿ. ಕತ್ತರಿ ತಾಗಿದರೆ ಹರಡುತ್ತದೆ ಎಂಬ ಮಾತು ನಾನು ವೃತ್ತಿಗೆ ಬಂದಾಗಿನಿಂದ ಕೇಳುತ್ತಿರುವುದು. ಚರ್ಮದ ಕ್ಯಾನ್ಸರುಗಳಲ್ಲಿ ಬಯಾಪ್ಸಿಯಿಂದ ರೋಗ ಹರಡಿ ಆಯುಸ್ಸು ಕಡಿಮೆಯಾಗುವುದಿಲ್ಲ. ನಂಬಿಕೆ ಹುಟ್ಟಿದ್ದು ಹೇಗೆಂದು ಊಹಿಸಬಲ್ಲೆ: ಹೆದರಿ ತಡಮಾಡಿ, ರೋಗ ಮುಂದುವರಿದ ಮೇಲೆ ಬಯಾಪ್ಸಿ ಮಾಡಿಸಿದವರ ಸ್ಥಿತಿ ಆಮೇಲೆ ಕೆಟ್ಟಿತು, ಜನ ಬಯಾಪ್ಸಿಯನ್ನು ದೂರಿದರು. ನಿಜವಾಗಿ ಕೆಡುಕು ಮಾಡುವುದು ಪರೀಕ್ಷೆಯಿಲ್ಲದೆ ಸುಡುವುದು, ಆಸಿಡ್ ಹಚ್ಚುವುದು, ಲೇಸರಿನಿಂದ ಅಳಿಸುವುದು. ಮೆಲನೋಮಾ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಮಿಲಿಮೀಟರಿನಲ್ಲಿ ಅಳೆದರೆ ಮುಂದಿನ ಗತಿಯನ್ನು ಅಂದಾಜು ಮಾಡಬಹುದು ಎಂದು ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ತೋರಿಸಿದರು. ಇಂದಿಗೂ ಚಿಕಿತ್ಸೆ ನಿಂತಿರುವುದು ಆ ಅಳತೆಯ ಮೇಲೆ. ಮೇಲ್ಭಾಗವನ್ನು ಸುಟ್ಟು ತೆಗೆದರೆ ಅಳೆಯಲು ಏನೂ ಉಳಿದಿರುವುದಿಲ್ಲ.

ಬಯಾಪ್ಸಿಗೆ ಮುಂಚೆ ವೈದ್ಯರು ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಿಂದ ನೋಡಬಹುದು. ಗಂಟು ಚರ್ಮದಡಿ ಇದ್ದರೆ ಅಲ್ಟ್ರಾಸೌಂಡ್, ಮೂಳೆಯ ಸಂಶಯವಿದ್ದರೆ ಸಿಟಿ ಅಥವಾ ಎಂಆರ್‌ಐ. ಸೂಜಿಯಿಂದ ಜೀವಕೋಶ ಎಳೆದು ನೋಡುವ ಎಫ್‌ಎನ್‌ಎಸಿ ಊದಿದ ದುಗ್ಧಗ್ರಂಥಿಗೆ ಉಪಯುಕ್ತ, ಚರ್ಮದ ಹುಣ್ಣಿಗೆ ಅಷ್ಟಾಗಿ ಅಲ್ಲ. ಹುಣ್ಣಿನಲ್ಲಿ 3-4 ಮಿಲಿಮೀಟರಿನ ತುಣುಕನ್ನು ಪಂಚ್ ಎಂಬ ಕೊಳವೆಯಂಥ ಸಣ್ಣ ಉಪಕರಣದಿಂದ ತೆಗೆಯುತ್ತಾರೆ. ಮೆಲನೋಮಾ ಸಂಶಯವಿದ್ದರೆ ಸಾಧ್ಯವಾದಷ್ಟು ಇಡೀ ಮಚ್ಚೆಯನ್ನೇ ತೆಗೆಯುತ್ತಾರೆ. ನಾನು ಹಟ ಹಿಡಿಯುವ ವಿಷಯ ಒಂದೇ. ತಲೆಯಿಂದ ತೆಗೆದ ಗಂಟು ಎಷ್ಟೇ ಸಾದಾ ಕಂಡರೂ ಕಸದ ಬುಟ್ಟಿಗೆ ಹೋಗಬಾರದು, ಪೆಥಾಲಜಿ ಲ್ಯಾಬಿಗೆ ಹೋಗಬೇಕು. ನಿಮ್ಮ ಸಿಸ್ಟನ್ನೂ ಕಳಿಸಲು ಹೇಳಿ, ವರದಿಯ ಪ್ರತಿ ಕೇಳಿ ಇಟ್ಟುಕೊಳ್ಳಿ.

ಮತ್ತೆ ತಂದೆಯವರ ಕಡೆ ಬರುತ್ತೇನೆ. 76 ವರ್ಷ, ಬೋಳು ನೆತ್ತಿ, ಐದು ತಿಂಗಳು, ಹಕ್ಕಳೆ ಉದುರಿ ರಕ್ತ, ನೋವಿಲ್ಲ. ಮಾಮೂಲು ಗಾಯ ತಲೆಯಲ್ಲಿ ಬೇಗ ಮಾಯುತ್ತದೆ, ಅಲ್ಲಿ ರಕ್ತಸಂಚಾರ ಅಷ್ಟು ಚೆನ್ನಾಗಿದೆ. ನಾಲ್ಕು ವಾರ ದಾಟಿದರೂ ಮಾಯದ ಗಾಯಕ್ಕೆ ಒಂದು ಕಾರಣ ಇರಲೇಬೇಕು. ನೋವಿಲ್ಲ ಎಂಬುದನ್ನು ನೀವು ಸಮಾಧಾನದ ಮಾತಾಗಿ ಬರೆದಿದ್ದೀರಿ, ನಾನು ಅದನ್ನು ಹಾಗೆ ಓದಲಾರೆ. ಶುರುವಿನಲ್ಲಿ ಈ ಕ್ಯಾನ್ಸರುಗಳು ಹೆಚ್ಚಾಗಿ ನೋಯುವುದಿಲ್ಲ. ಇದು ಬೇಸಲ್ ಸೆಲ್ ಇರಬಹುದು, ಸ್ಕ್ವೇಮಸ್ ಸೆಲ್ ಇರಬಹುದು, ಇನ್ನೂ ಆಕ್ಟಿನಿಕ್ ಕೆರಟೋಸಿಸ್ ಹಂತದಲ್ಲೇ ಇರಬಹುದು. ಕ್ಯಾನ್ಸರ್ ಅಲ್ಲದಿರುವ ಸಾಧ್ಯತೆಯೂ ಇದೆ: ಬಿಸಿಲಿಗೆ ಬಳಲಿದ ಮುದಿ ನೆತ್ತಿಯಲ್ಲಿ ಕೀವುಗುಳ್ಳೆ, ಹಕ್ಕಳೆಗಳಾಗಿ ತಿಂಗಳುಗಟ್ಟಲೆ ಕಾಡುವ ಒಂದು ಸಾಧು ಉರಿಯೂತವಿದೆ, ನೋಡಲು ಥೇಟ್ ಹೀಗೇ ಇರುತ್ತದೆ. ಇವುಗಳನ್ನು ಬೇರ್ಪಡಿಸಲು ಸೂಕ್ಷ್ಮದರ್ಶಕವೇ ಬೇಕು.

ಅವರನ್ನು ಹೆದರಿಸಬೇಡಿ. ಬೇಗ ಸಿಕ್ಕರೆ ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್ ಎರಡನ್ನೂ ಸುತ್ತಲಿನ ಕೆಲವು ಮಿಲಿಮೀಟರ್ ಒಳ್ಳೆಯ ಚರ್ಮದೊಂದಿಗೆ ಕತ್ತರಿಸಿ ತೆಗೆದರೆ ಬಹುತೇಕ ಮಂದಿಗೆ ಅಲ್ಲಿಗೆ ಮುಗಿಯುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸದೆ ಮಾಡುವಂಥದ್ದು, ವಯಸ್ಸು ಅಡ್ಡಿಯಾಗುವುದಿಲ್ಲ. ನೆತ್ತಿಯ ಚರ್ಮ ಹಿಗ್ಗುವುದು ಕಡಿಮೆಯಾದ್ದರಿಂದ ಅಗಲವಾದ ಗಾಯಕ್ಕೆ ಪಕ್ಕದ ಚರ್ಮವನ್ನು ತಿರುಗಿಸಿ ಹೊಲಿಯಬೇಕಾಗಬಹುದು, ಇಲ್ಲವೇ ತೊಡೆಯಿಂದ ಚರ್ಮ ತಂದು ಮುಚ್ಚಬೇಕಾಗಬಹುದು. ಚಿಕ್ಕದಿರುವಾಗಲೇ ಹೋಗುವುದರ ಲಾಭ ಅಲ್ಲಿ ಕಾಣುತ್ತದೆ.

ಹೋಗುವ ಮುನ್ನ ಗಾಯದ ಪಕ್ಕ ಒಂದು ಸ್ಕೇಲು ಹಿಡಿದು ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಹಳೆಯ ಫೋಟೋಗಳಲ್ಲಿ ಅವರ ನೆತ್ತಿ ಕಾಣುವಂಥದ್ದಿದ್ದರೆ ಅದನ್ನೂ ಒಯ್ಯಿರಿ, ಯಾವಾಗ ಶುರುವಾಯಿತೆಂದು ತಿಳಿಯಲು ಅದರಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಕಿವಿಯ ಮುಂದೆ, ಹಿಂದೆ, ಕತ್ತಿನಲ್ಲಿ ಗಂಟುಗಳಿವೆಯೇ ಎಂದು ವೈದ್ಯರು ಮುಟ್ಟಿ ನೋಡುತ್ತಾರೆ, ನೋಡದಿದ್ದರೆ ನೀವೇ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿ ತೋರಿಸಿ, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಅದೇ ದಿನ ನಿಮ್ಮ ಗಂಟುಗಳನ್ನೂ ತೋರಿಸಿಬಿಡಿ, ಆದರೆ ಚೀಟಿ ಮಾಡಿಸುವಾಗ ಮೊದಲ ಹೆಸರು ತಂದೆಯವರದ್ದಿರಲಿ.

ಮುಲಾಮು ಕೇಳಿದ್ದಿರಿ. ಸದ್ಯಕ್ಕೆ ಯಾವುದೂ ಬೇಡ. ಸ್ಟಿರಾಯ್ಡ್ ಇರುವ ಮಿಶ್ರ ಕ್ರೀಮುಗಳು ಕೆಂಪನ್ನೂ ಹಕ್ಕಳೆಯನ್ನೂ ತಾತ್ಕಾಲಿಕವಾಗಿ ಇಳಿಸಿ, ವಾಸಿಯಾಗುತ್ತಿದೆ ಎಂಬ ಭ್ರಮೆಯಲ್ಲಿ ಇನ್ನೆರಡು ತಿಂಗಳು ಕಳೆಸುತ್ತವೆ. ತೊಳೆದು ಒಣಗಿಸಿ, ಹೊರಗೆ ಹೋಗುವಾಗ ಟೋಪಿ ಹಾಕಲಿ. ಏನು ಹಚ್ಚಬೇಕೆಂಬುದನ್ನು ಬಯಾಪ್ಸಿಯ ವರದಿ ಕೈಗೆ ಬಂದ ದಿನ ಅವರ ವೈದ್ಯರೇ ಬರೆದುಕೊಡುತ್ತಾರೆ.